ಮೊದಲು ಮೂಸಿ ನೋಡು

ಹಳೇ ಆಂಪ್ಲಿಫೈಯರ್ ನೋಡಲು ಹೋದಾಗ ಕಿವಿಗಿಂತ ಮೊದಲು ಮೂಗು ಕೆಲಸ ಮಾಡಬೇಕಮ್ಮ. ಮುಚ್ಚಳದ ಕಿಂಡಿಗಳ ಹತ್ತಿರ ಮುಖವಿಟ್ಟು ಒಮ್ಮೆ ಮೂಸು. ಧೂಳಿನ ವಾಸನೆ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡ. ಸುಟ್ಟ ವಾರ್ನಿಷ್‌ನ ಘಾಟು ಬಂದರೆ ಟ್ರಾನ್ಸ್‌ಫಾರ್ಮರ್ ಎಂದೋ ಒಮ್ಮೆ ಮಿತಿಮೀರಿ ಕಾದಿದೆ. ಮೀನಿನಂಥ ವಾಸನೆ ಹೊಡೆದರೆ ಯಾವುದೋ ಕೆಪಾಸಿಟರ್ ಸೋರಿದೆ. ಮಾರುವವರು ಮುಂದಿನ ಫಲಕವನ್ನು ಒರೆಸಿ ಫಳಫಳ ಅನ್ನಿಸಬಹುದು, ಬುಡದ ರಬ್ಬರ್ ಕಾಲು ಹೊಸದು ಹಾಕಿಸಬಹುದು. ವಾಸನೆಯನ್ನು ಒರೆಸಿ ತೆಗೆಯುವ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ.

ನೀನು ಕಳಿಸಿದ ಫೋಟೋಗಳನ್ನು ನೋಡಿದೆ. ಒಂದು ಕ್ವಾಡ್ 405, ಇನ್ನೊಂದು ಎಂಬತ್ತರ ದಶಕದ ಜಪಾನಿ ಇಂಟಿಗ್ರೇಟೆಡ್ ಆಂಪ್. ‘ಮಾವ, ಯಾವುದನ್ನು ತಗೊಳ್ಳಲಿ, ತಗೊಂಡ ಮೇಲೆ ಏನೇನು ಅಪ್‌ಗ್ರೇಡ್ ಮಾಡಿಸಲಿ’ ಅಂತ ಒಂದೇ ಉಸಿರಿಗೆ ಕೇಳಿದ್ದೀಯ. ಮೊದಲ ಪ್ರಶ್ನೆ ಸರಿ. ಎರಡನೆಯದು ಇಷ್ಟು ಬೇಗ ಬಂದದ್ದು ನನಗೆ ಹಿಡಿಸಲಿಲ್ಲ. ಹಳೇ ಆಂಪಿನ ವಿಷಯದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಕಾರ್ಖಾನೆಯಿಂದ ಬಂದ ದಿನ ಅದು ಹೇಗಿತ್ತೋ ಆ ಸ್ಥಿತಿಗೆ ಮತ್ತೆ ತರುವುದು ಒಂದು, ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹತ್ತಿಸುವುದು ಇನ್ನೊಂದು. ಈಗಿನವರು ಎರಡನ್ನೂ ಒಂದೇ ಭಾನುವಾರದಲ್ಲಿ ಮುಗಿಸಲು ಕೂರುತ್ತಾರೆ. ಕೆಪಾಸಿಟರ್ ಬದಲಾಯಿಸಿ, ಐಸಿ ಬದಲಾಯಿಸಿ, ವೈರ್ ಬದಲಾಯಿಸಿ, ಸಂಜೆ ಆನ್ ಮಾಡಿದಾಗ ಒಂದು ಚಾನೆಲ್ ಗೊರಗೊರ ಅಂದರೆ ಯಾವುದರಿಂದ ಹಾಗಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಗೊರಗೊರ ಅನ್ನದೆ ಚೆನ್ನಾಗಿಯೇ ಹಾಡಿತು ಅಂತಿಟ್ಟುಕೋ, ಆಗಲೂ ಗೊತ್ತಾಗುವುದಿಲ್ಲ. ಇದು ಇನ್ನೂ ಕೆಟ್ಟದ್ದು.

405 ಬಗ್ಗೆ ನಾಲ್ಕು ಮಾತು ತಿಳಿದುಕೊಂಡೇ ಹೋಗು. ಇಂಗ್ಲೆಂಡಿನ ಹಂಟಿಂಗ್‌ಡನ್ ಊರಿನಲ್ಲಿ ಪೀಟರ್ ವಾಕರ್ ನಡೆಸುತ್ತಿದ್ದ ಕಂಪನಿ ಅದನ್ನು 1975ರಲ್ಲಿ ಹೊರತಂದಿತು. 8 ಓಮ್ ಸ್ಪೀಕರಿಗೆ ಚಾನೆಲ್ ಒಂದಕ್ಕೆ 100 ವಾಟ್. ಸಾಮಾನ್ಯವಾಗಿ ಆಂಪಿನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹಾಡು ಇಲ್ಲದಾಗಲೂ ಒಂದಿಷ್ಟು ಕರೆಂಟ್ ಹರಿಯುತ್ತಿರಬೇಕು. ಅದೇ ಬಯಾಸ್. ಕಡಿಮೆಯಾದರೆ ಸಣ್ಣ ದನಿಯಲ್ಲಿ ಧ್ವನಿ ಒರಟಾಗುತ್ತದೆ, ಹೆಚ್ಚಾದರೆ ಹೀಟ್‌ಸಿಂಕ್ ಕೈ ಸುಡುತ್ತದೆ. ವಾಕರ್ ಮತ್ತು ಅವರ ಸಹೋದ್ಯೋಗಿ ಮೈಕೆಲ್ ಆಲ್ಬಿನ್ಸನ್ ಈ ತಾಪತ್ರಯವನ್ನೇ ಕಿತ್ತುಹಾಕಿದರು. ಭಾರ ಹೊರುವ ದೊಡ್ಡ ಟ್ರಾನ್ಸಿಸ್ಟರ್‌ಗಳಿಗೆ ಬಯಾಸೇ ಇಲ್ಲ. ಅವು ಮಾಡುವ ತಪ್ಪನ್ನು ಚಿಕ್ಕದೊಂದು ಕ್ಲಾಸ್ ಎ ಆಂಪ್ ಆಗಿಂದಾಗ ತುಂಬಿಕೊಡುತ್ತದೆ. ಎರಡರ ಲೆಕ್ಕ ತಪ್ಪದಂತೆ ರೆಸಿಸ್ಟರ್, ಕೆಪಾಸಿಟರ್, ಕಾಯಿಲ್‌ಗಳ ಒಂದು ಬ್ರಿಡ್ಜ್ ಹಿಡಿದಿಟ್ಟಿರುತ್ತದೆ. ಕರೆಂಟ್ ಡಂಪಿಂಗ್ ಅಂತ ಇದಕ್ಕೆ ಹೆಸರು. 1978ರಲ್ಲಿ ಇದಕ್ಕಾಗಿಯೇ ಕಂಪನಿಗೆ ಬ್ರಿಟನ್ನಿನ ಕ್ವೀನ್ಸ್ ಅವಾರ್ಡ್ ಬಂತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, 405ರೊಳಗೆ ತಿರುಪಲು ಬಯಾಸ್ ಪ್ರೀಸೆಟ್ ಅನ್ನುವುದೇ ಇಲ್ಲ. ‘ಮೊನ್ನೆ ತಾನೇ ಬಯಾಸ್ ಸೆಟ್ ಮಾಡಿಸಿದ್ದೀನಿ ಮೇಡಂ’ ಅಂತ ಮಾರುವವರು ಹೇಳಿದರೆ, ಒಂದೋ ಅವರಿಗೆ ತಮ್ಮ ಆಂಪ್ ಗೊತ್ತಿಲ್ಲ, ಇಲ್ಲವೇ ಯಾರೋ ಅವರಿಂದ ದುಡ್ಡು ಕಿತ್ತಿದ್ದಾರೆ. ಎರಡರಲ್ಲಿ ಯಾವುದಾದರೂ ನೀನು ಹುಷಾರಾಗಬೇಕು. ಇನ್ನೂ ಒಂದು. ಅದರಲ್ಲಿ ಸ್ಪೀಕರ್ ರಿಲೇ ಇಲ್ಲ. ಬೇರೆ ಆಂಪ್‌ಗಳಲ್ಲಿ ಆನ್ ಮಾಡಿದ ಕೆಲವು ಸೆಕೆಂಡ್ ಆದಮೇಲೆ ಟಕ್ ಅಂತ ಸದ್ದಾಗುತ್ತದಲ್ಲ, ಅದು ಎಲ್ಲ ಸರಿ ಇದೆಯೆಂದು ನೋಡಿಕೊಂಡು ಸ್ಪೀಕರನ್ನು ಜೋಡಿಸುವ ರಿಲೇ. 405ರಲ್ಲಿ ಆ ಕಾವಲುಗಾರ ಇಲ್ಲ. ಒಳಗಿನ ಸಪ್ಲೈ ಪ್ಲಸ್ 50, ಮೈನಸ್ 50 ವೋಲ್ಟ್. ಒಂದು ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಆ 50 ವೋಲ್ಟ್ ನೇರ ಸ್ಪೀಕರಿಗೆ ನುಗ್ಗುತ್ತದೆ. 8 ಓಮ್ ಅಂತ ಲೆಕ್ಕ ಹಾಕಿದರೂ 6 ಆಂಪಿಯರ್‌ಗೂ ಮೇಲೆ. ವಾಯ್ಸ್ ಕಾಯಿಲ್ ಎಷ್ಟು ಹೊತ್ತು ತಡೆದೀತು? ಹಾಗಾಗಿ ಅಳತೆ ಮಾಡುವ ಮೊದಲು ಒಳ್ಳೆಯ ಸ್ಪೀಕರ್ ಜೋಡಿಸಬಾರದು. ಹಾಳಾದರೂ ಹೊಟ್ಟೆ ಉರಿಯದಂಥ ಒಂದು ಹಳೇ ಸ್ಪೀಕರ್ ತಗೊಂಡು ಹೋಗು.

ಹೋಗುವ ಮೊದಲು ಫೋನ್ ಮಾಡಿ, ‘ಸರ್, ನಾನು ಬರುವವರೆಗೂ ಆನ್ ಮಾಡಬೇಡಿ’ ಅಂತ ಕೇಳಿಕೋ. ಕೆಲವು ಕಾಯಿಲೆ ತಣ್ಣಗಿದ್ದಾಗ ಮಾತ್ರ ಕಾಣಿಸುತ್ತವೆ, ಬಿಸಿಯಾದ ಮೇಲೆ ಮಾಯ. ಇನ್ನು ಕೆಲವು ಒಂದು ಗಂಟೆ ಓಡಿದ ಮೇಲೆ ತಲೆ ಎತ್ತುತ್ತವೆ. ಎರಡನ್ನೂ ನೋಡಬೇಕಾದರೆ ಅರ್ಧ ದಿನ ಬಿಡುವು ಮಾಡಿಕೊಳ್ಳಬೇಕು. ಅವರ ಮನೆಯಲ್ಲಿ ಕಾಫಿ ಕೊಟ್ಟರೆ ಕುಡಿ, ಮಾತಾಡು, ಹೀಟ್‌ಸಿಂಕ್ ಮೇಲೆ ಆಗಾಗ ಕೈ ಇಡು. ಎರಡು ಚಾನೆಲ್‌ಗಳ ಶಾಖ ಹೆಚ್ಚುಕಡಿಮೆ ಒಂದೇ ಇರಬೇಕು.

ಜಾತ್ರೆಯಲ್ಲಿ ಎತ್ತಿನ ಹಲ್ಲು ಹಿಡಿದು ವಯಸ್ಸು ಲೆಕ್ಕ ಹಾಕುತ್ತಾರಲ್ಲ, ಆಂಪಿನಲ್ಲಿ ಆ ಹಲ್ಲು ಅಂದರೆ ಅದರ ಸ್ಕ್ರೂಗಳು. ತಲೆ ಸವೆದಿದ್ದರೆ, ಬಣ್ಣ ಕಿತ್ತಿದ್ದರೆ, ನಾಲ್ಕರಲ್ಲಿ ಒಂದು ಬೇರೆ ಜಾತಿಯದಾಗಿದ್ದರೆ, ಒಳಗೆ ಹಲವರು ಕೈ ಹಾಕಿದ್ದಾರೆ. ಕೈ ಹಾಕಿದ್ದು ತಪ್ಪಲ್ಲ, ಐವತ್ತು ವರ್ಷದ ಯಂತ್ರವನ್ನು ಯಾರೂ ಬಿಚ್ಚಿಲ್ಲ ಅಂದರೇ ಅನುಮಾನ ಪಡಬೇಕು. ಯಾರು ಬಿಚ್ಚಿದರು, ಏನು ಮಾಡಿದರು ಅನ್ನುವುದಕ್ಕೆ ಉತ್ತರ ಸಿಗಬೇಕು ಅಷ್ಟೇ. ಮುಚ್ಚಳ ತೆಗೆಯಲು ಒಪ್ಪದವರ ಹತ್ತಿರ ಚೌಕಾಸಿ ಬೇಡ, ನಮಸ್ಕಾರ ಹೇಳಿ ಎದ್ದು ಬಾ.

ಒಳಗೆ ಧೂಳು ಎಲ್ಲ ಕಡೆ ಒಂದೇ ಸಮ ಕೂತಿದ್ದರೆ ಒಳ್ಳೆಯದು. ಒಂದು ಮೂಲೆ ಮಾತ್ರ ಶುಭ್ರವಾಗಿದ್ದರೆ ಅಲ್ಲಿಗೆ ಟಾರ್ಚ್ ಬಿಡು. ಕಾರ್ಖಾನೆಯ ಬೆಸುಗೆ ಸಣ್ಣದಾಗಿ, ಒಂದೇ ಅಳತೆಯಲ್ಲಿರುತ್ತದೆ. ಆಮೇಲೆ ಹಾಕಿದ್ದು ಉಂಡೆ ಉಂಡೆಯಾಗಿ ಕಾಣುತ್ತದೆ. ರೆಸಿಸ್ಟರ್ ಕೆಳಗೆ ಬೋರ್ಡ್ ಕಂದಿದೆಯೇ ನೋಡು. ಜಪಾನಿ ಆಂಪ್ ಆದರೆ ಇನ್ನೊಂದು ವಿಶೇಷ: ದೊಡ್ಡ ಕೆಪಾಸಿಟರ್‌ಗಳು ಅಲುಗಾಡದಿರಲೆಂದು ಬುಡಕ್ಕೆ ಹಳದಿ ಅಂಟು ಬಳಿದಿರುತ್ತಾರೆ. ವರ್ಷಗಳು ಕಳೆದಂತೆ ಅದು ಕಾದು ಕಂದು ಬಣ್ಣಕ್ಕೆ ತಿರುಗಿ, ಸುತ್ತಲಿನ ಪಾರ್ಟ್‌ಗಳ ಕಾಲನ್ನು ತಿನ್ನುತ್ತದೆ, ಸಣ್ಣಗೆ ಕರೆಂಟನ್ನೂ ಹಾಯಿಸುತ್ತದೆ. ಎಷ್ಟೋ ವಿಚಿತ್ರ ಕಾಯಿಲೆಗಳಿಗೆ ಈ ಅಂಟನ್ನು ಕೆರೆದು ತೆಗೆಯುವುದೇ ಮದ್ದು. ಮಂಗಳೂರು, ಉಡುಪಿ ಕಡೆಯಿಂದ ಬಂದ ಆಂಪ್ ಆದರೆ ತಾಮ್ರದ ಮೇಲೆ ಹಸಿರು ಕಿಲುಬು ಹುಡುಕು. ಅಲ್ಲಿಯ ಗಾಳಿಯ ಉಪ್ಪು ಯಾವ ಬ್ರ್ಯಾಂಡನ್ನೂ ಬಿಡುವುದಿಲ್ಲ. ಒಳನಾಡಿನ ಆಂಪಿನಲ್ಲಿ ಜಿರಲೆ ಮೊಟ್ಟೆ, ಒಣಗಿದ ಹಲ್ಲಿ. ಅಸಹ್ಯಪಡಬೇಡ, ಸಪ್ಲೈ ಬೋರ್ಡಿನಲ್ಲಿ ಅಡ್ಡ ಬಿದ್ದು ಸತ್ತ ಹಲ್ಲಿಯಿಂದ ಫ್ಯೂಸ್ ಹೋದ ಆಂಪ್‌ಗಳು ರಿಪೇರಿಗೆ ಬರುತ್ತಲೇ ಇರುತ್ತವೆ.

ಫ್ಯೂಸನ್ನು ಕಳಚಿ ಅದರ ಮೇಲಿನ ಅಂಕಿ ಓದು, ಹಿಂಭಾಗದಲ್ಲಿ ಅಚ್ಚಾದ ಅಂಕಿಗೆ ಹೋಲಿಸು. ಹೆಚ್ಚಿನ ಆಂಪಿಯರ್‌ನದು ಹಾಕಿದ್ದರೆ, ಅಥವಾ ತಾಮ್ರದ ಎಳೆ ಸುತ್ತಿದ್ದರೆ, ಆ ಆಂಪ್ ಮೇಲಿಂದ ಮೇಲೆ ಫ್ಯೂಸ್ ಸುಡುತ್ತಿತ್ತು, ಯಾರೋ ರೋಗ ಬಿಟ್ಟು ಕೆಮ್ಮು ನಿಲ್ಲಿಸಿದ್ದಾರೆ.

ಈಗ ಕರೆಂಟ್ ಕೊಡುವ ಹೊತ್ತು. ನೇರ ಪ್ಲಗ್ಗಿಗೆ ಚುಚ್ಚಬೇಡ. ಸೀರೀಸ್ ಬಲ್ಬ್ ಬೋರ್ಡ್ ನನ್ನ ಹತ್ತಿರ ಇದೆ, ತಗೊಂಡು ಹೋಗು. ಆಂಪಿಗೆ ಹೋಗುವ ಫೇಸ್ ತಂತಿ 100 ವಾಟ್‌ನ ಬಲ್ಬಿನ ಮೂಲಕ ಹಾದು ಹೋಗುತ್ತದೆ. ಹಳೇ ಕಾಲದ ಫಿಲಮೆಂಟ್ ಬಲ್ಬೇ ಆಗಬೇಕು, ಎಲ್‌ಇಡಿ ಹಾಕಿದರೆ ಏನೂ ತಿಳಿಯದು. ಬೆಂಗಳೂರಿನ ಎಸ್‌ಪಿ ರೋಡಿನ ಸುತ್ತಮುತ್ತ ಕೇಳಿದರೆ ಈಗಲೂ ಸಿಗುತ್ತದೆ. ಸ್ಪೀಕರ್ ಜೋಡಿಸದೆ ಆನ್ ಮಾಡಿದಾಗ ಬಲ್ಬ್ ಒಮ್ಮೆ ಪ್ರಖರವಾಗಿ ಬೆಳಗಿ, ಕೆಪಾಸಿಟರ್‌ಗಳು ತುಂಬಿದಂತೆ ಮಂಕಾದರೆ ಸರಿ ಇದೆ. ಹಾಗೇ ಉರಿಯುತ್ತ ನಿಂತರೆ ಒಳಗೆ ಎಲ್ಲೋ ಶಾರ್ಟ್. ಬಲ್ಬ್ ಆ ಕರೆಂಟನ್ನು ತಾನೇ ನುಂಗಿಕೊಂಡು ಆಂಪನ್ನೂ ಉಳಿಸಿರುತ್ತದೆ, ಮಾರುವವರ ಮನೆಯ ಎಂಸಿಬಿಯನ್ನೂ ಉಳಿಸಿರುತ್ತದೆ. 405ಗೆ ಪವರ್ ಸ್ವಿಚ್ಚೇ ಇರುವುದಿಲ್ಲ, ಹುಡುಕುತ್ತ ಕೂರಬೇಡ. ಗೋಡೆಯ ಸ್ವಿಚ್ಚೇ ಅದರ ಸ್ವಿಚ್ಚು. ಕ್ಲಾಸ್ ಎ ಆಂಪ್ ಆಗಿದ್ದರೆ ಈ ಪರೀಕ್ಷೆಯಲ್ಲಿ ಬಲ್ಬ್ ಸಹಜವಾಗಿಯೇ ಸ್ವಲ್ಪ ಉರಿಯುತ್ತಿರುತ್ತದೆ, ಯಾಕೆಂದರೆ ಅದು ಸುಮ್ಮನಿದ್ದಾಗಲೂ ಕರೆಂಟ್ ಕುಡಿಯುತ್ತದೆ.

ಬಲ್ಬಿನ ಪರೀಕ್ಷೆ ದಾಟಿದರೆ ನೇರ ಕರೆಂಟ್ ಕೊಟ್ಟು ಹತ್ತು ನಿಮಿಷ ಬಿಡು. ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ, ಹಾಡು ಇಲ್ಲದೆ, ಸ್ಪೀಕರ್ ಟರ್ಮಿನಲ್‌ಗಳ ನಡುವೆ ಅಳೆ. 20, 30 ಮಿಲಿವೋಲ್ಟ್ ಒಳಗಿದ್ದರೆ ನಿಶ್ಚಿಂತೆ. 50ರವರೆಗೂ ತಲೆ ಕೆಡಿಸಿಕೊಳ್ಳಬೇಡ. 100 ದಾಟಿದರೆ ಕಾರಣ ಹುಡುಕಬೇಕು, ಬೆಲೆ ಇಳಿಸಲು ನಿನಗೊಂದು ನೆಪವೂ ಆಯಿತು. ವೋಲ್ಟ್‌ಗಟ್ಟಲೆ ಬಂದರೆ ಸ್ಪೀಕರ್ ಮುಟ್ಟಿಸಲೇಬೇಡ. ಅಂಕಿ ಒಂದೇ ಕಡೆ ನಿಲ್ಲದೆ ತೇಲುತ್ತಿದ್ದರೆ ಇನ್‌ಪುಟ್ ಕಡೆಯ ಯಾವುದೋ ಟ್ರಾನ್ಸಿಸ್ಟರ್ ಅಥವಾ ಬೆಸುಗೆ ಕುಂಟುತ್ತಿದೆ. ಎರಡೂ ಚಾನೆಲ್‌ನ ಅಂಕಿಗಳನ್ನು ಬರೆದುಕೋ. ಫೋನಿನಲ್ಲಿ ಬೇಡ, ಕಾಗದದಲ್ಲಿ. ಬರೆಯುವುದನ್ನು ಮಾರುವವರು ನೋಡಿದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಆಮೇಲೆ ಹಳೇ ಸ್ಪೀಕರ್ ಜೋಡಿಸಿ ತೀರಾ ಸಣ್ಣ ದನಿಯಲ್ಲಿ ಕೇಳು. ರಿಲೇ ಇರುವ ಆಂಪ್‌ಗಳಲ್ಲಿ ಸಣ್ಣ ದನಿಗೆ ಒಂದು ಚಾನೆಲ್ ಮಾಯವಾಗಿ, ದನಿ ಏರಿಸಿದರೆ ಮರಳಿ ಬರುತ್ತದೆಯೇ? ರಿಲೇಯ ಕಾಂಟ್ಯಾಕ್ಟ್ ಕರಕಲಾಗಿದೆ, ಇದು ಅಗ್ಗದ ರಿಪೇರಿ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಅದೂ ಅಗ್ಗದ್ದೇ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಸಾಕು. ಬಾಗಿಲಿನ ಕೀಲಿಗೆ ಹೊಡೆಯುವ ಸ್ಪ್ರೇ ಹೊಡೆಯಬೇಡ. ತೆಂಗಿನೆಣ್ಣೆ ಬಿಟ್ಟವರನ್ನೂ ನೋಡಿದ್ದೇನೆ, ಆ ಪೊಟೆನ್ಷಿಯೋಮೀಟರ್ ಮೇಲೆ ಇರುವೆಗಳು ಸಂಸಾರ ಹೂಡಿದ್ದವು. ಆದರೆ ಗುಂಯ್ ಅನ್ನುವ ಹಮ್ ಬಂದರೆ ಒಂದು ಕ್ಷಣ ನಿಲ್ಲು. ಅದು ಆಂಪಿನ ಒಳಗಿನದೋ, ಅರ್ಥಿಂಗ್‌ನಿಂದ ಬಂದದ್ದೋ? ಇನ್‌ಪುಟ್ ತಂತಿ ಕಿತ್ತಾಗ ಹೋದರೆ ಹೊರಗಿನದು. ಹಮ್ ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನನ್ನೇ ಮುರಿದು ಎಸೆದಿರುವುದನ್ನು ನಮ್ಮೂರುಗಳಲ್ಲಿ ಬೇಕಾದಷ್ಟು ಕಾಣಬಹುದು. ಲೋಹದ ಪೆಟ್ಟಿಗೆಗೆ ಫೇಸ್ ತಗುಲಿದ ದಿನ ಮನುಷ್ಯನನ್ನು ಉಳಿಸುವುದು ಆ ಒಂದು ಪಿನ್ನೇ. ಅಂಥ ಪ್ಲಗ್ ಕಂಡರೆ ಮನೆಗೆ ತಂದ ದಿನವೇ ಹೊಸದು ಹಾಕು, ಹಾಡು ಆಮೇಲೆ.

ಇನ್ನು ಆ ಜಪಾನಿ ಆಂಪ್. ಫೋಟೋದಲ್ಲಿ ಹಿಂದಿನ ತಗಡಿನ ಪಟ್ಟಿ ಕಾಣುತ್ತಿಲ್ಲ, ಅದರ ಚಿತ್ರ ಕಳಿಸಲು ಹೇಳು. ಜಪಾನಿನೊಳಗೆ ಮಾರಲು ಮಾಡಿದ ಯಂತ್ರಗಳು 100 ವೋಲ್ಟಿನವು. ಅಮೆರಿಕದ್ದು 120. ನಮ್ಮದು 230. ಹಿಂದೆಲ್ಲ ಇಂಥ ಸಾಮಾನು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಗಲ್ಫಿನಿಂದ, ಅಮೆರಿಕದಿಂದ ಬರುವವರ ಲಗ್ಗೇಜಿನಲ್ಲಿ ಬರುತ್ತಿತ್ತು, ಹಾಗಾಗಿ ಎಲ್ಲ ವೋಲ್ಟೇಜಿನವೂ ಊರಲ್ಲಿವೆ. 100 ವೋಲ್ಟಿನದನ್ನು ನಮ್ಮ ಪ್ಲಗ್ಗಿಗೆ ಹಾಕಿದರೆ ಹಾಡುವ ಮಾತಿರಲಿ, ಹೊಗೆ ಬರುತ್ತದೆ. ಟ್ರಾನ್ಸ್‌ಫಾರ್ಮರಿಗೆ ಬೇರೆ ಟ್ಯಾಪ್‌ಗಳಿದ್ದರೆ ಬದಲಾಯಿಸಬಹುದು. ಜಪಾನಿನ ಒಳಮಾರುಕಟ್ಟೆಯ ಎಷ್ಟೋ ಆಂಪ್‌ಗಳಲ್ಲಿ ಆ ಟ್ಯಾಪ್ ಇರುವುದೇ ಇಲ್ಲ. ಆಗ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆಂಪಿನ ಹಿಂದೆ ಬರೆದ ವಾಟ್‌ಗಿಂತ ಧಾರಾಳವಾಗಿ ದೊಡ್ಡದೇ ಬೇಕು, ಅದರ ಬೆಲೆ, ಅದರ ಭಾರ, ಅದರ ಗುಂಯ್‌ಗುಡುವಿಕೆ ಎಲ್ಲ ಸೇರಿಸಿ ಲೆಕ್ಕ ಹಾಕು. 110 ವೋಲ್ಟ್ ಕೊಡುವ ಸ್ಟೆಪ್ ಡೌನ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ‘ಹತ್ತು ವೋಲ್ಟ್ ತಾನೇ ಮೇಡಂ’ ಅನ್ನುತ್ತಾರೆ. ಹತ್ತು ಅಂದರೆ ನೂರಕ್ಕೆ ಹತ್ತು. ನಮ್ಮ ಲೈನ್ ರಾತ್ರಿ ಹೊತ್ತು 240 ದಾಟಿದಾಗ ಅದು ಇನ್ನೂ ಮೇಲೇರುತ್ತದೆ. ನಲವತ್ತು ವರ್ಷದ ಕೆಪಾಸಿಟರಿಗೆ ಅಷ್ಟು ಸೊಕ್ಕು ತಡೆಯುವ ಶಕ್ತಿ ಇರುವುದಿಲ್ಲ. ಸರಿಯಾಗಿ 100 ವೋಲ್ಟಿಗೆ ಸುತ್ತಿಸಬೇಕು.

ನನ್ನ ಮಟ್ಟಿಗೆ ಇವೆರಡರಲ್ಲಿ 405ನ್ನೇ ನೋಡು. ಧ್ವನಿ ಮೇಲೆಂದು ಹೇಳುತ್ತಿಲ್ಲ. ಸರ್ಕ್ಯೂಟ್ ಎಲ್ಲರಿಗೂ ಗೊತ್ತಿದೆ, ಪಾರ್ಟ್‌ಗಳು ಕಡಿಮೆ, ಎರಡು ಚಾನೆಲ್‌ಗೂ ಪ್ರತ್ಯೇಕವಾದ ಒಂದೇ ಥರದ ಬೋರ್ಡ್. ಕಲಿಯುವವಳಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಮನೆಗೆ ಬಂತು ಅಂದುಕೋ. ಮೊದಲ ಕೆಲಸ ಕೆಪಾಸಿಟರ್. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ದ್ರವ ಇದೆ, ಅದು ಒಣಗುತ್ತದೆ. 85 ಡಿಗ್ರಿಯಲ್ಲಿ 2000 ಗಂಟೆ ಅಂತ ಆಯುಸ್ಸು ಬರೆದಿದ್ದರೆ, ಶಾಖ ಪ್ರತಿ 10 ಡಿಗ್ರಿ ಇಳಿದಾಗಲೂ ಆಯುಸ್ಸು ಎರಡರಷ್ಟಾಗುತ್ತದೆ ಅನ್ನುವುದು ನಮ್ಮ ಕಸುಬಿನ ಲೆಕ್ಕ. 45 ಡಿಗ್ರಿಯಲ್ಲಿ 32,000 ಗಂಟೆ. ದಿನಕ್ಕೆ ನಾಲ್ಕು ಗಂಟೆ ಹಾಡಿದರೆ ಹತ್ತಿರ ಹತ್ತಿರ 22 ವರ್ಷ. ನೀನು ನೋಡಲಿರುವ ಆಂಪ್ ಅದನ್ನೆಲ್ಲ ದಾಟಿ ಬಂದದ್ದು. ಆದ್ದರಿಂದ ದೊಡ್ಡ ಎರಡು ಫಿಲ್ಟರ್ ಕೆಪಾಸಿಟರ್ ಮತ್ತು ಬೋರ್ಡಿನ ಮೇಲಿನ ಚಿಕ್ಕ ಎಲೆಕ್ಟ್ರೊಲಿಟಿಕ್‌ಗಳನ್ನು 105 ಡಿಗ್ರಿಯವಕ್ಕೆ ಬದಲಾಯಿಸು. ಫಿಲ್ಮ್ ಕೆಪಾಸಿಟರ್‌ಗಳನ್ನು ಮುಟ್ಟಬೇಡ, ಅವು ನಿನಗಿಂತ ಹೆಚ್ಚು ಬಾಳುತ್ತವೆ. ಬ್ರಿಡ್ಜಿನ ನಾಲ್ಕು ಪಾರ್ಟ್‌ಗಳ ಮೌಲ್ಯವನ್ನಂತೂ ಬದಲಾಯಿಸಲೇಬೇಡ, ವಾಕರ್ ಅವರ ಇಡೀ ಲೆಕ್ಕಾಚಾರ ಅಲ್ಲಿದೆ.

ಮುಟ್ಟುವ ಮೊದಲು ಪ್ಲಗ್ ಕಿತ್ತರೆ ಸಾಲದು. ಫಿಲ್ಟರ್ ಕೆಪಾಸಿಟರ್‌ಗಳು ಚಾರ್ಜ್ ಹಿಡಿದು ಕೂತಿರುತ್ತವೆ. 405ರಲ್ಲಿ 10,000 ಮೈಕ್ರೊಫ್ಯಾರಡ್‌ನವು, 50 ವೋಲ್ಟ್. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಪಟ್ ಅನ್ನಿಸುವ ಶೌರ್ಯ ನಮ್ಮಲ್ಲಿ ಬಹಳ ಜನಕ್ಕಿದೆ. ಅದರಿಂದ ಕೆಪಾಸಿಟರಿಗೂ ಪೆಟ್ಟು, ಕಣ್ಣಿಗೂ ಅಪಾಯ. ಐದು ಹತ್ತು ವಾಟಿನ ಒಂದು 220 ಓಮ್ ರೆಸಿಸ್ಟರಿಗೆ ಕವರ್ ಇರುವ ಎರಡು ಕ್ಲಿಪ್ ಬೆಸೆದು ಇಟ್ಟುಕೋ, ಅದರ ಮೂಲಕ ಖಾಲಿ ಮಾಡು, ಆಮೇಲೆ ಮೀಟರಿನಲ್ಲಿ ನೋಡು. ಮುಂದೆಂದಾದರೂ ವಾಲ್ವ್ ಆಂಪ್ ಆಸೆ ಬಂದರೆ ಮೊದಲು ನನ್ನ ಹತ್ತಿರ ಬಾ. ಅಲ್ಲಿ 400, 500 ವೋಲ್ಟ್. ಅದರ ಮುಂದೆ ಒಬ್ಬಳೇ ಕೂರುವುದು ಬೇಡ.

ಒಂದು ಬೋರ್ಡ್ ಪೂರ್ತಿ ಮುಗಿಯುವವರೆಗೂ ಇನ್ನೊಂದನ್ನು ಬಿಚ್ಚಬಾರದು. ಸಂದೇಹ ಬಂದಾಗ ನೋಡಿಕೊಳ್ಳಲು ಮುಟ್ಟದ ಬೋರ್ಡ್ ಪಕ್ಕದಲ್ಲಿರುತ್ತದೆ. ಕೆಪಾಸಿಟರಿನ ಮೈನಸ್ ಪಟ್ಟಿ ಯಾವ ಕಡೆ ಇತ್ತು, ಈ ರೆಸಿಸ್ಟರಿನ ಮೇಲೆ ಎಷ್ಟು ವೋಲ್ಟ್ ಇರಬೇಕು, ಎಲ್ಲಕ್ಕೂ ಅದರಲ್ಲೇ ಉತ್ತರ. ಹಳೇ ಪಾರ್ಟ್‌ಗಳನ್ನು ಕಸಕ್ಕೆ ಹಾಕದೆ ಒಂದು ಕವರಿನಲ್ಲಿ ಚೀಟಿ ಸಮೇತ ಇಡು.

ಪಾರ್ಟ್‌ಗಳ ಬಗ್ಗೆ ಒಂದು ಕಹಿ ಮಾತು. ನಮ್ಮ ಎಸ್‌ಪಿ ರೋಡ್ ಇರಲಿ, ಚೆನ್ನೈನ ರಿಚ್ಚಿ ಸ್ಟ್ರೀಟ್ ಇರಲಿ, ಮುಂಬೈನ ಲ್ಯಾಮಿಂಗ್ಟನ್ ರೋಡ್ ಇರಲಿ, ಪವರ್ ಟ್ರಾನ್ಸಿಸ್ಟರಿನ ನಕಲು ಪ್ರಪಂಚದ ಎಲ್ಲ ಮಾರುಕಟ್ಟೆಯಲ್ಲೂ ಇದೆ. 5200, 1943 ಜೋಡಿಯನ್ನೇ ತಗೋ. ಅಸಲಿಯದು 230 ವೋಲ್ಟ್, 15 ಆಂಪಿಯರ್ ತಡೆಯುವ ಗಟ್ಟಿಗ. ನಕಲಿಯ ಮೇಲೂ ಅದೇ ತೊಷಿಬಾ ಅಚ್ಚು, ಅದೇ ಕಪ್ಪು ಮೈ. ಒಳಗಿನ ಸಿಲಿಕಾನ್ ತುಣುಕು ಮಾತ್ರ ಚಿಕ್ಕದು. ಮೀಟರಿನಲ್ಲಿ ಸರಿಯಾಗೇ ತೋರಿಸುತ್ತದೆ, ಸಣ್ಣ ದನಿಯಲ್ಲಿ ಹಾಡುತ್ತದೆ, ಒಂದು ದಿನ ಜೋರಾಗಿ ಹಾಕಿದಾಗ ಸ್ಪೀಕರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅಂಗಡಿಯವನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ವೈರ್, ಸ್ಕ್ರೂ, ಸಾಕೆಟ್, ಸೋಲ್ಡರ್ ಪೇಟೆಯಲ್ಲಿ ಕೊಳ್ಳು, ಅಲ್ಲಿ ಸುತ್ತುವುದೇ ಒಂದು ಖುಷಿ. ಪವರ್ ಟ್ರಾನ್ಸಿಸ್ಟರ್, ಕೆಪಾಸಿಟರ್, ಐಸಿ ಮೂರನ್ನು ಮಾತ್ರ ಎಲಿಮೆಂಟ್14, ಮೌಸರ್, ಡಿಜಿಕೀ ಥರದ ಅಧಿಕೃತ ವಿತರಕರಿಂದ ತರಿಸು. ಮತ್ತೆ, ಸರಿ ಇರುವ ಔಟ್‌ಪುಟ್ ಟ್ರಾನ್ಸಿಸ್ಟರನ್ನು ‘ಹಳೇದಾಯ್ತು’ ಅಂತ ಬದಲಾಯಿಸಬಾರದು. ಟ್ರಾನ್ಸಿಸ್ಟರ್ ಕೆಪಾಸಿಟರ್‌ನಂತೆ ಒಣಗುವುದಿಲ್ಲ.

ಇಷ್ಟಾದ ಮೇಲೆ ಎರಡು ತಿಂಗಳು ಸುಮ್ಮನೆ ಕೇಳು. ಅಪ್‌ಗ್ರೇಡ್ ಮಾತು ಆಮೇಲೆ. ಆಗ ನೀನು ಕೇಳುವುದು 405ರ ನಿಜವಾದ ಧ್ವನಿ, ಒಣಗಿದ ಕೆಪಾಸಿಟರಿನದಲ್ಲ.

ಅಪ್‌ಗ್ರೇಡ್ ಮಾಡುವವರು ಮೊದಲು ಕೈ ಹಾಕುವುದು ಐಸಿಗೆ. 405ರ ಇನ್‌ಪುಟ್‌ನಲ್ಲಿರುವುದು ಎಲ್‌ಎಂ301ಎ ಅನ್ನುವ ಹಳೇ ಆಪ್‌ಆಂಪ್. 1982ರಲ್ಲಿ 405-2 ಬಂದಾಗ ಕ್ವಾಡ್‌ನವರೇ ಅಲ್ಲಿಗೆ ಟಿಎಲ್071 ತಂದರು. ಹಾಗಾಗಿ ಈ ಬದಲಾವಣೆಗೆ ನನ್ನ ವಿರೋಧವಿಲ್ಲ, ಮನೆಯವರೇ ಹಾಕಿಕೊಟ್ಟ ದಾರಿ. ಆದರೆ ಹಳೇದನ್ನು ಕಿತ್ತು ಹೊಸದನ್ನು ಚುಚ್ಚಿದರೆ ಮುಗಿಯಿತು ಅಂತಲ್ಲ. 301ಎಗೆ ಹೊರಗಡೆ ಒಂದು ಕಂಪೆನ್ಸೇಷನ್ ಕೆಪಾಸಿಟರ್ ಬೇಕು, 071ಗೆ ಅದು ಒಳಗೇ ಇದೆ. ಎರಡರ ಸರ್ಕ್ಯೂಟ್ ಚಿತ್ರವನ್ನೂ ಪಕ್ಕಪಕ್ಕ ಇಟ್ಟು, ಯಾವುದು ತೆಗೆಯಬೇಕು, ಯಾವುದು ಉಳಿಯಬೇಕು ಅಂತ ಗುರುತು ಹಾಕಿಯೇ ಕಬ್ಬಿಣ ಕಾಯಿಸು. ಇನ್ನೂ ವೇಗದ, ಇನ್ನೂ ದುಬಾರಿ ಐಸಿ ಹಾಕುವವರಿದ್ದಾರೆ. ವೇಗದ ಐಸಿಗೆ ಸಪ್ಲೈ ಪಿನ್ನಿನ ಬುಡದಲ್ಲೇ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಇಲ್ಲದಿದ್ದರೆ ಅದು ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗುತ್ತದೆ. ಕೇಳುವವರಿಗೆ ‘ಧ್ವನಿ ಏನೋ ಹೊಳಪಾಯ್ತು’ ಅನ್ನಿಸುತ್ತದೆ, ಹೀಟ್‌ಸಿಂಕ್ ಕಾರಣವಿಲ್ಲದೆ ಬಿಸಿಯಾಗುತ್ತದೆ. ಆಸಿಲೋಸ್ಕೋಪ್ ಇಲ್ಲದವರು ಈ ಆಟಕ್ಕೆ ಹೋಗಬಾರದು.

ಫಿಲ್ಟರ್ ಕೆಪಾಸಿಟರನ್ನು ಮೂರು ಪಟ್ಟು ದೊಡ್ಡದು ಮಾಡುವುದು ಇನ್ನೊಂದು ಹುಚ್ಚು. ದೊಡ್ಡ ಕೆಪಾಸಿಟರ್ ಆನ್ ಮಾಡಿದ ಕ್ಷಣ ಅಷ್ಟೇ ದೊಡ್ಡ ಗುಟುಕು ಕರೆಂಟ್ ಎಳೆಯುತ್ತದೆ. ಬ್ರಿಡ್ಜ್ ರೆಕ್ಟಿಫೈಯರ್ ನಲುಗುತ್ತದೆ, ಫ್ಯೂಸ್ ಹೋಗುತ್ತದೆ. ಆಗ ಏನು ಮಾಡುತ್ತಾರೆ ಗೊತ್ತಲ್ಲ? ದೊಡ್ಡ ಫ್ಯೂಸ್ ಹಾಕುತ್ತಾರೆ. ಸ್ವಲ್ಪ ಹೆಚ್ಚಿಸಬಹುದು, ಒಂದೂವರೆಯಷ್ಟಕ್ಕೆ ನಿಲ್ಲಿಸು. ಬೆಳ್ಳಿಯ ತಂತಿ, ಸಾವಿರಾರು ರೂಪಾಯಿಯ ಮೈನ್ಸ್ ಕೇಬಲ್ ವಿಷಯ ಕೇಳಲೇಬೇಡ, ನನಗೆ ರಕ್ತದೊತ್ತಡ ಇದೆ.

ನನ್ನನ್ನು ಕೇಳಿದರೆ 405ಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಕೆಲವೇ ರೂಪಾಯಿಯದು. ಅದು ಹುಟ್ಟಿದ ಕಾಲದಲ್ಲಿ ಸಿಡಿ ಇರಲಿಲ್ಲ. ಇನ್‌ಪುಟ್‌ಗೆ ಅರ್ಧ ವೋಲ್ಟ್ ಕೊಟ್ಟರೆ ಪೂರ್ತಿ 100 ವಾಟ್ ಕಕ್ಕುತ್ತದೆ. ಈಗಿನ ಸಿಡಿ ಪ್ಲೇಯರ್, ಡ್ಯಾಕ್ ಎಲ್ಲ 2 ವೋಲ್ಟ್ ಕೊಡುತ್ತವೆ, ಅಂದರೆ ನಾಲ್ಕು ಪಟ್ಟು. ಹಾಗಾಗಿ ಪ್ರೀಆಂಪಿನ ವಾಲ್ಯೂಮ್ ಗುಂಡಿಯನ್ನು ತೀರಾ ಕೆಳಗೆ, ಆರಂಭದಲ್ಲೇ ಇಟ್ಟು ಕೇಳಬೇಕಾಗುತ್ತದೆ. ಪೊಟೆನ್ಷಿಯೋಮೀಟರಿನ ಎಡ ಬಲ ಎರಡು ಟ್ರ್ಯಾಕ್‌ಗಳು ಹೊಂದದಿರುವುದೂ ಅಲ್ಲೇ. ಹಾಡುಗಾರ್ತಿ ಒಂದು ಪಕ್ಕಕ್ಕೆ ವಾಲಿಕೊಂಡು ಹಾಡುತ್ತಾಳೆ, ಆಂಪಿನ ಸುಯ್ ಸದ್ದು ಮೇಲೆದ್ದು ಕೇಳುತ್ತದೆ. ‘ಕ್ವಾಡ್ ಒರಟು’ ಅಂತ ದೂರುವವರಲ್ಲಿ ಎಷ್ಟೋ ಜನ ಕೇಳಿದ್ದು ಈ ಹೊಂದಾಣಿಕೆಯಿಲ್ಲದ ಜೋಡಿಯನ್ನು. ಚಾನೆಲ್ಲಿಗೆ ಎರಡೆರಡು ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ ಸಿಗ್ನಲನ್ನು ನಾಲ್ಕನೇ ಒಂದು ಭಾಗಕ್ಕೆ ಇಳಿಸು. ಹಳೆಯ 405ರಲ್ಲಿ ಇನ್‌ಪುಟ್ ಡಿನ್ ಸಾಕೆಟ್ ಇರುತ್ತದೆ, ಅದಕ್ಕೆ ಹೇಗಿದ್ದರೂ ಹೊಸ ಕೇಬಲ್ ಮಾಡಿಸಲೇಬೇಕಲ್ಲ, ಆ ರೆಸಿಸ್ಟರ್‌ಗಳನ್ನು ಕೇಬಲಿನ ಪ್ಲಗ್ಗಿನೊಳಗೇ ಕೂರಿಸಬಹುದು. ಆಂಪಿಗೆ ಒಂದು ಗೀರೂ ಬೀಳುವುದಿಲ್ಲ.

ಬದಲಾವಣೆ ಯಾವುದೇ ಇರಲಿ, ಪರೀಕ್ಷಿಸುವುದಕ್ಕೆ ಒಂದು ಕ್ರಮ ಬೇಕು. ಹಳೇ ಮೋನೋ ರೆಕಾರ್ಡಿಂಗ್ ಹಾಕು. ನಮ್ಮ ದೊರೆಸ್ವಾಮಿ ಅಯ್ಯಂಗಾರ್ಯರ ಹಳೇ ವೀಣೆ, ಮನ್ಸೂರರ ಹಳೇ ಗಾಯನ, ಮೋನೋದ್ದು ಯಾವುದಾದರೂ ಸರಿ. ಎರಡು ಸ್ಪೀಕರ್‌ಗಳ ಸರಿ ಮಧ್ಯೆ ಅವರು ಕೂತಿರಬೇಕು. ಪಕ್ಕಕ್ಕೆ ಸರಿದರೆ ಒಂದು ಚಾನೆಲ್ ಹಿಂದೆ ಬಿದ್ದಿದೆ. ತಂಬೂರಿಯ ನಾದ ಆರುತ್ತ ಹೋಗುವಾಗ ಅದರ ಬಾಲ ಎಲ್ಲಿಯವರೆಗೆ ಕೇಳುತ್ತದೆ, ಎಲ್ಲಿ ಆಂಪಿನ ಸುಯ್ ಸದ್ದಿನಲ್ಲಿ ಮುಳುಗುತ್ತದೆ ನೋಡು. ಎರಡು ಸ್ಥಿತಿಗಳನ್ನು ಹೋಲಿಸುವಾಗ ದನಿಯ ಮಟ್ಟವನ್ನು ಮೀಟರ್ ಹಿಡಿದು ಒಂದೇ ಸಮ ಮಾಡು. ಕೂದಲೆಳೆಯಷ್ಟು ಜೋರಾಗಿದ್ದರೂ ಕಿವಿ ಅದನ್ನೇ ‘ಚೆನ್ನಾಗಿದೆ’ ಅನ್ನುತ್ತದೆ. ಯಾವುದು ಓಡುತ್ತಿದೆ ಅಂತ ನಿನಗೆ ಗೊತ್ತಾಗದಂತೆ ನಿನ್ನ ತಮ್ಮನಿಗೆ ಬದಲಾಯಿಸಲು ಹೇಳು. ಅವನಿಗೆ ಸುಳ್ಳು ಹೇಳುವುದು ಚೆನ್ನಾಗಿ ಬರುತ್ತದೆ, ಇಂಥ ಪರೀಕ್ಷೆಗೆ ಸರಿಯಾದ ಮನುಷ್ಯ. ವ್ಯತ್ಯಾಸ ಗೊತ್ತಾಗದಿದ್ದರೆ ಹಳೇ ಪಾರ್ಟನ್ನೇ ಮರಳಿ ಹಾಕು.

ದುಡ್ಡಿನ ವಿಷಯ. ನಿನ್ನ ಹತ್ತಿರ ಇರುವುದನ್ನೆಲ್ಲ ಕೊಳ್ಳುವುದಕ್ಕೇ ಸುರಿಯಬೇಡ, ಮೂರನೇ ಒಂದು ಭಾಗ ರಿಪೇರಿಗೆ ಎತ್ತಿಡು. ‘ಫುಲ್ಲಿ ಅಪ್‌ಗ್ರೇಡೆಡ್’ ಅಂತ ಹೆಚ್ಚು ಬೆಲೆ ಕೇಳಿದರೆ ಬಿಲ್ಲು, ಹಳೇ ಪಾರ್ಟು, ಮಾಡಿದವರ ಫೋನ್ ನಂಬರ್ ಮೂರನ್ನೂ ಕೇಳು. ಮೂರೂ ಇಲ್ಲದಿದ್ದರೆ ನನ್ನ ಪ್ರಕಾರ ಅದು ಮುಟ್ಟದ ಆಂಪಿಗಿಂತ ಅಗ್ಗವಾಗಬೇಕು, ಯಾಕೆಂದರೆ ಅವರು ಮಾಡಿದ್ದನ್ನು ಬಿಚ್ಚಿ ನೋಡುವ ಕೆಲಸವೂ ನಿನ್ನ ತಲೆಗೇ ಬೀಳುತ್ತದೆ.

ಹೈದರಾಬಾದಿನದೋ ಪುಣೆಯದೋ ಸಿಕ್ಕಿತು ಅಂತ ಕೊರಿಯರ್‌ನಲ್ಲಿ ತರಿಸಿಕೊಳ್ಳಬೇಡ. ಪೆಟ್ಟಿಗೆ ಬೀಳುತ್ತದೆ, ಭಾರವಾದ ಟ್ರಾನ್ಸ್‌ಫಾರ್ಮರ್ ತಗಡನ್ನು ಹರಿದುಕೊಂಡು ಬೋರ್ಡ್ ಮೇಲೆ ಮಲಗಿರುತ್ತದೆ. ರೈಲಿನಲ್ಲಿ ಹೋಗಿ ನಿನ್ನ ಸೀಟಿನ ಕೆಳಗೆ ಇಟ್ಟುಕೊಂಡು ಬಾ. ಟೊರಾಯ್ಡ್ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಆದರೆ, ಸಡಿಲವಾದ ನಡುವಿನ ಬೋಲ್ಟನ್ನು ಬಿಗಿ ಮಾಡಬಹುದು, ಆದರೆ ಆ ಬೋಲ್ಟಿನ ಮೇಲಿನ ತುದಿ ಮುಚ್ಚಳಕ್ಕೆ ತಾಗಕೂಡದು. ಕೆಳಗೂ ಲೋಹ, ಮೇಲೂ ಲೋಹ ತಾಗಿದರೆ ಬೋಲ್ಟ್, ಪೆಟ್ಟಿಗೆ ಎರಡೂ ಸೇರಿ ಒಂದು ಸುತ್ತಿನ ಶಾರ್ಟ್ ವೈಂಡಿಂಗ್ ಆಗಿಬಿಡುತ್ತದೆ.

ಶನಿವಾರ ಹೋಗುವುದಾದರೆ ಶುಕ್ರವಾರ ರಾತ್ರಿಯೇ ಮನೆಗೆ ಬಾ. ಬಲ್ಬ್ ಬೋರ್ಡ್, ಮೀಟರ್, ಟಾರ್ಚ್, ಹಳೇ ಸ್ಪೀಕರ್ ಒಂದು ಚೀಲಕ್ಕೆ ಹಾಕಿಡುತ್ತೇನೆ. ಮೀಟರಿನ ಬ್ಯಾಟರಿ ಮಾತ್ರ ನೀನೇ ತರಬೇಕು, ಒಂಬತ್ತು ವೋಲ್ಟಿನದು.